ದಿನಕ್ಕೆ ಕಾಲು ಗಂಟೆ

ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಊದುವಂತಿಲ್ಲ. ಅದು ಸೊಸೈಟಿಯ ಕಾನೂನು. ಮಧ್ಯಾಹ್ನ ಹನ್ನೆರಡರ ನಂತರ ಊದುವಂತಿಲ್ಲ. ಅದು ಮಾವನ ಕಾನೂನು. ಊದಿದ ಮೇಲೆ ಒಳಗಿನ ತೇವ ಹಗಲ ಬೆಳಕಿನಲ್ಲೇ ಆರಬೇಕು, ಸಂಜೆಯ ಥಂಡಿ ತಾಗಬಾರದು. ಈ ಎರಡು ಕಾನೂನುಗಳ ನಡುವಿನ ಮೂರು ಗಂಟೆಯೊಳಗೆ, ಠಾಣೆಯ ವರ್ತಕ ನಗರದ ಆ ಮನೆಯವರಲ್ಲಿ ಯಾರಾದರೊಬ್ಬರು ಕಪ್ಪು ಮರದ ಕ್ಲಾರಿನೆಟ್ಟನ್ನು ಕಾಲು ಗಂಟೆ ಊದಲೇಬೇಕು. ಒಂದು ದಿನ ತಪ್ಪಿದರೂ ಮರ ಒಡೆಯುತ್ತದೆ. ಕಳೆದ ಹತ್ತೊಂಬತ್ತು ತಿಂಗಳಿಂದ ಆ ‘ಯಾರಾದರೊಬ್ಬರು’ ಎಂದರೆ ಸೊಸೆ ಜಯಲತಾ.

ಅದಕ್ಕೆ ಮೊದಲು ಮಾವ ಜಯಶೀಲ ಶೇರಿಗಾರರೇ ಊದುತ್ತಿದ್ದರು. ಠಾಣೆ, ಡೊಂಬಿವಿಲಿ, ಕಲ್ಯಾಣದ ಹಾಲ್‌ಗಳಲ್ಲಿ ಕರಾವಳಿಯ ಊರವರ ಮದುವೆಯೆಂದರೆ ಅವರ ಕ್ಲಾರಿನೆಟ್ ಇರಲೇಬೇಕು ಎಂಬ ಕಾಲವೊಂದಿತ್ತು. ಈಗ ಎಪ್ಪತ್ತೊಂದು. ಹಲ್ಲುಗಳನ್ನೆಲ್ಲ ಕೀಳಿಸಿ ಸೆಟ್ ಹಾಕಿಸಿದ ಮೇಲೆ ಬಾಯಿ ಬಿಗಿಯಲು ಬರುವುದಿಲ್ಲ. ಊದಲು ಹೋದರೆ ಸ್ವರಕ್ಕಿಂತ ಮೊದಲು ಹಲ್ಲು ಹೊರಬರುತ್ತದೆ. ಮಗ ರಂಜನ್ ವಾಶಿಯ ಹೋಟೆಲಿನಲ್ಲಿ ಮ್ಯಾನೇಜರ್, ಎಂಟಕ್ಕೆ ಮನೆ ಬಿಟ್ಟರೆ ವಾರದ ರಜೆಯಾದ ಮಂಗಳವಾರ ಮಾತ್ರ ಹಗಲಿನಲ್ಲಿ ಅವನ ಮುಖ ಕಾಣುವುದು. ಆ ಮಂಗಳವಾರವೂ ಅವನು ಅದನ್ನು ಮುಟ್ಟುವುದಿಲ್ಲ. ಮೊಮ್ಮಗಳು ನಿಕಿತಾಳಿಗೆ ಡೊಂಬಿವಿಲಿಯ ಕಾಲೇಜು, ಏಳೂವರೆಗೆ ಹೊರಡಬೇಕು. ಉಳಿದವಳು ಅಡುಗೆಮನೆಯಲ್ಲಿದ್ದವಳು. ಹಾರ್ಮೋನಿಯಂ ಕೂಡ ಮುಟ್ಟಿ ಗೊತ್ತಿಲ್ಲದವಳಿಗೆ ಮಾವ ಎಂಟು ದಿನ ಕೂತು ಐದು ಸ್ವರ ಕಲಿಸಿದರು. ಅಂದಿನಿಂದ ಅವಳು ಆ ಐದು ಸ್ವರಗಳನ್ನೇ ಹತ್ತಿಸಿ ಇಳಿಸುತ್ತಾಳೆ, ಮಾವ ಎದುರು ಕುರ್ಚಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಾರೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಹಾಗೆ ಊದುತ್ತಿದ್ದಾಗ ಫೋನು ನಡುಗಿತು. ಕುಕ್ಕರಿನ ಎರಡನೇ ಸೀಟಿಯೂ ಆಯಿತು. ಮಾವ ಬೆರಳೆತ್ತಿದರು: ಇನ್ನೂ ನಾಲ್ಕು ನಿಮಿಷ. ನಾಲ್ಕು ನಿಮಿಷ ಕಳೆದು, ಮರದ ಕೊಳವೆಯೊಳಗೆ ಬಟ್ಟೆ ಎಳೆದು ಒರೆಸಿ, ಗ್ಯಾಸ್ ಆರಿಸಿ, ಅವಳು ವಾಪಸು ಫೋನ್ ಮಾಡಿದಳು.

“ಎಂತ ಮಾರಾಯ್ತಿ, ಅಜ್ಜನ ಪೀಪಿಯಾ?” ಎಂದಳು ಮಾನಸಿ. ಮಹಿಳಾ ಮಂಡಳದಲ್ಲಿ ಪರಿಚಯವಾದವಳು, ಐರೋಲಿಯಲ್ಲಿ ಮಕ್ಕಳ ಡೇಕೇರ್ ನಡೆಸುತ್ತಾಳೆ. “ಸೀದಾ ಹೇಳ್ತೇನೆ ಕೇಳು. ನನ್ನ ಕಿಚನ್ ನೋಡಿಕೊಳ್ಳುವವಳು ಬಿಟ್ಟು ಹೋಗ್ತಾಳೆ. ನಲ್ವತ್ತು ಮಕ್ಕಳ ಊಟ, ನಾಷ್ಟಾ. ಒಂದನೇ ತಾರೀಖಿನಿಂದ ನೀನು ಬರ್ತೀಯಾ?”

“ನಾನಾ?”

“ಮತ್ತೆ ಯಾರು? ಗಣಪತಿಗೆ ಮುನ್ನೂರು ಜನರ ಪಾಯಸ ಮಾಡಿದವಳು ನೀನೇ ಅಲ್ವಾ? ಎಂಟೂವರೆಯಿಂದ ಐದರವರೆಗೆ. ನಿನ್ನ ಕೆಳಗೆ ಇಬ್ಬರು ಹುಡುಗಿಯರು ಇರ್ತಾರೆ. ನೀನು ಹೇಳುವವಳು, ಅವರು ಮಾಡುವವರು.”

ಹೇಳುವವಳು. ಜಯಲತಾ ಆ ಮಾತನ್ನು ಇಡೀ ದಿನ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡಳು. ಮೂವತ್ತೊಂಬತ್ತು ವರ್ಷದಲ್ಲಿ ಅವಳ ಹೆಸರಿನ ಒಂದು ಕೆಲಸದ ಗುರುತಿನ ಚೀಟಿ, ಒಂದು ಬಸ್ ಪಾಸ್ ಕೂಡ ಇರಲಿಲ್ಲ. ಊದಿ, ಒರೆಸಿ, ಅಡುಗೆ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿದ್ದರಿಂದ ಹತ್ತೊಂಬತ್ತು ತಿಂಗಳಿಂದ ಬೆಳಗಿನ ಬಿಸಿಲಲ್ಲಿ ಜಾಂಬ್ಳಿ ನಾಕಾದ ಪೇಟೆ ಹೇಗಿರುತ್ತದೆಂದೂ ನೋಡಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮಾವನ ಪಾಲಿನ ಮೀನಿನ ಮುಳ್ಳು ತೆಗೆಯುತ್ತ, ತಲೆ ಎತ್ತದೆಯೇ, “ಮಾವ, ಒಂದನೇ ತಾರೀಖಿನಿಂದ ನಾನು ಐರೋಲಿಗೆ ಕೆಲಸಕ್ಕೆ ಹೋಗ್ಬೇಕಂತ ಮಾಡಿದ್ದೇನೆ,” ಎಂದಳು.

“ಹೋಗು. ಯಾರು ಬೇಡ ಅಂದದ್ದು? ಎಷ್ಟು ಗಂಟೆಗೆ?”

“ಎಂಟಕ್ಕೆ ಬಸ್ ಹಿಡೀಬೇಕು.”

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. “ಹಾಗಾದ್ರೆ ಊದುವುದು ಯಾರು?”

ನಿಕಿತಾ ಫೋನಿನಿಂದ ಕಣ್ಣು ತೆಗೆಯಲಿಲ್ಲ. “ಅಜ್ಜಾ, ಯೂಟ್ಯೂಬ್ ಲಗಾ ದೋ ನಾ ಉಸ್ಕೇ ಬಾಜೂ ಮೇ. ಉಸ್ಕೋ ಲಗೇಗಾ ಕೋಯೀ ಬಜಾ ರಹಾ ಹೈ.” ಪಕ್ಕದಲ್ಲಿ ಯೂಟ್ಯೂಬ್ ಹಚ್ಚಿಟ್ಟರೆ ಯಾರೋ ಊದುತ್ತಿದ್ದಾರೆಂದು ಕ್ಲಾರಿನೆಟ್ ನಂಬೀತು ಎಂಬುದು ಅವಳ ತಮಾಷೆ.

“ನಗು, ನಗು. ನಿನ್ನ ಅಪ್ಪನ ಶಾಲೆಯ ಫೀಸು ಕಟ್ಟಿದ್ದು ಅದೇ.”

“ಊಟದ ಎದುರು ಬೇಡ ಅಪ್ಪ,” ಎಂದ ರಂಜನ್. “ಅವಳಿಗೆ ಒಳ್ಳೆ ಚಾನ್ಸ್ ಬಂದಿದೆ. ಅದನ್ನು ಯಾರಿಗಾದ್ರೂ ಕೊಟ್ಟುಬಿಡಿ. ಬೇಕಾದ್ರೆ ಒಡೀಲಿ.”

“ಕೊಡುವುದಾ? ಹಳೆಯದಾದ ಹಾಗೆ ಮರಕ್ಕೆ ಸ್ವರ ಕೂಡ್ತದೆ ಮಾರಾಯ. ಐವತ್ತೆರಡು ವರ್ಷದ ಉಸಿರು ಉಂಟು ಅದರಲ್ಲಿ. ಒಂದು ದಿನ ತಪ್ಪಲಿಲ್ಲ.”

“ಹೌದು. ಅಮ್ಮ ಸತ್ತ ದಿನವೂ ತಪ್ಪಲಿಲ್ಲ.”

ನಾಲ್ಕು ವರ್ಷದ ಹಿಂದೆ ಅತ್ತೆ ವಾರಿಜಾ ತೀರಿಕೊಂಡ ಬೆಳಿಗ್ಗೆ ಹೆಣ ನಡುಮನೆಯಲ್ಲಿತ್ತು, ನೆಂಟರು ಕೋಪರಿಯಿಂದ, ಕಲ್ಯಾಣದಿಂದ ಬರುತ್ತಿದ್ದರು. ಹನ್ನೊಂದೂಕಾಲಕ್ಕೆ ಮಾವ ರಂಜನ್‌ನ ತೋಳು ಹಿಡಿದು ಅತ್ತಿದ್ದರು: “ನನಗೆ ಉಸಿರು ಬರುವುದಿಲ್ಲ ಮಗಾ, ನೀನು ಊದು.” ರಂಜನ್ ಬಚ್ಚಲಿನ ಬಾಗಿಲು ಹಾಕಿ, ನಲ್ಲಿ ಬಿಟ್ಟು, ಕಾಲು ಗಂಟೆ ಊದಿದ್ದ. ನೀರಿನ ಸದ್ದಿಗೆ ಅದು ಮುಚ್ಚಲಿಲ್ಲ. ಹೆಣದ ಮನೆಯಲ್ಲಿ ವಾದ್ಯ ನುಡಿಸಿದರೆಂದು ನೆಂಟರು ವರ್ಷಗಟ್ಟಲೆ ಆಡಿಕೊಂಡರು. ಅವನು ಮತ್ತೆ ಅದನ್ನು ಮುಟ್ಟಿರಲಿಲ್ಲ.

ಈ ಕಾನೂನು ಹುಟ್ಟಿದ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಜಯಶೀಲರು ಹತ್ತೊಂಬತ್ತರ ಹುಡುಗನಾಗಿದ್ದಾಗ ಒಂದು ಬ್ಯಾಂಡಿಗೆ ಸೇರಿದರು. ಅಲ್ಲಿನ ಗೋವೆಯ ಮಾಸ್ಟರರೇ ಮುಂದೆ ನಿಂತು ಹೊಸ ಕ್ಲಾರಿನೆಟ್ ಕೊಡಿಸಿದರು. ಕೈಗಿಡುವಾಗ ಹೇಳಿದರು: ದಿನಕ್ಕೆ ಕಾಲು ಗಂಟೆ ಊದು, ಒರೆಸಿ ಇಡು, ಒಂದು ದಿನ ಬಿಡಬೇಡ, ಇಲ್ಲವಾದರೆ ಮರ ಒಡೆಯುತ್ತದೆ. ಹದಿನೈದು ದಿನದಲ್ಲಿ ಮಾಸ್ಟರರಿಗೆ ಹಡಗಿನಲ್ಲಿ ಕೆಲಸ ಸಿಕ್ಕಿತು, ಹೋದವರು ಮತ್ತೆ ಬರಲಿಲ್ಲ. ಹುಡುಗ ಮಾತನ್ನು ಉಳಿಸಿಕೊಂಡ. ರಂಜನ್‌ಗೆ ನಾಲ್ಕು ವರ್ಷವಾಗಿದ್ದಾಗ ವಾರಿಜಾಳ ತಮ್ಮನ ಮದುವೆಗೆಂದು ಎಲ್ಲರೂ ಮೂಲ್ಕಿಗೆ ಹೊರಟರು. ಹೊರಡುವ ಗಡಿಬಿಡಿಯಲ್ಲಿ ಆ ದಿನ ಐದೇ ನಿಮಿಷ ಊದಲು ಆದದ್ದು. ಮಾರನೆಯ ಬೆಳಗಿನ ಜಾವ ನಿಪ್ಪಾಣಿಯಲ್ಲಿ ಬಸ್ ನಿಂತಾಗ, ಡಿಸೆಂಬರಿನ ಚಳಿಯಲ್ಲಿ, ಉಳಿದ ಬಾಕಿ ತೀರಿಸೋಣವೆಂದು ಜಯಶೀಲರು ಬಾಯಿಗಿಟ್ಟರು. ಟಪ್ ಎಂದಿತು. ಮೇಲಿನ ತುಂಡಿನಲ್ಲಿ ಎರಡು ಇಂಚಿನ ಸೀಳು. ಊರಿನಿಂದ ಮರಳಿ ಬರುವವರೆಗೆ ಸೀಳಿಗೆ ಮೇಣ ಮೆತ್ತಿಯೇ ದಿನಾ ಊದಿ, ಆಮೇಲೆ ಅಂಟು ಹಾಕಿ, ಪಿನ್ ಹೊಡೆದು ಒಂದೇ ದಿನದಲ್ಲಿ ಸರಿ ಮಾಡಿಸಿದರು. ಆದರೆ ಅಲ್ಲಿಂದ ಮುಂದೆ ಕ್ಲಾರಿನೆಟ್ ಜಿಲ್ಲೆ ದಾಟಲಿಲ್ಲ, ಕ್ಲಾರಿನೆಟ್ ಬಿಟ್ಟು ಜಯಶೀಲರೂ ದಾಟಲಿಲ್ಲ. ವಾರಿಜಾ ತವರಿಗೆ ಹೋದರೆ ಮಗನ ಕೈ ಹಿಡಿದು ಒಬ್ಬಳೇ ಹೋದಳು.

ಕೆಲಸದ ಮಾತೆತ್ತಿದ ವಾರವೇ ಕ್ಲಾರಿನೆಟ್ ಕೆಟ್ಟಿತು. ಮೂರನೇ ಸ್ವರಕ್ಕೆ ಬೆರಳಿಟ್ಟರೆ ಕೋಳಿಮರಿಯ ಹಾಗೆ ಕೂಗತೊಡಗಿತು.

“ತೂತು ಮುಚ್ಚುವ ಪ್ಯಾಡ್ ಹೋಗಿರ್ಬೇಕು,” ಎಂದರು ಮಾವ. “ಕಲ್ಯಾಣದಲ್ಲಿ ಮಹಾದೇವಪ್ಪ ಅಂತ ಇದ್ದಾನೆ, ಕಲಬುರಗಿ ಕಡೆಯವ. ಎದುರು ನಿಂತು ಮಾಡಿಸಿ ಅದೇ ದಿನ ತಾ. ನನ್ನ ಮೊಣಕಾಲಿಗೆ ಸ್ಟೇಷನ್ನಿನ ಮೆಟ್ಟಿಲು ಆಗುವುದಿಲ್ಲ.”

ಒಂಬತ್ತು ಹೊಡೆಯುತ್ತಲೇ ಕಾಲು ಗಂಟೆ ಊದಿ ಮುಗಿಸಿ, ಪೆಟ್ಟಿಗೆಗೆ ಎರಡು ಟವೆಲ್ ಸುತ್ತಿ, ಅವಳು ಹೊರಟಳು. ಠಾಣೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಫೋನು.

“ಎಸಿ ಲೋಕಲ್ ಹತ್ತಬೇಡ. ಥಂಡಿ ಹಿಡೀತದೆ.”

“ನನಗಾ ಮಾವ?”

“ನಿನಗೆ ಎಂತದು? ಅದಕ್ಕೆ!”

ಮುಂಬ್ರಾದಲ್ಲಿ ಮತ್ತೆ: “ಕಿಟಕಿ ಪಕ್ಕ ಇಡಬೇಡ, ಮಳೆ ಉಂಟು.” ಡೊಂಬಿವಿಲಿಯಲ್ಲಿ ಮತ್ತೆ: “ಮಡಿಲಲ್ಲಿ ಉಂಟಲ್ಲ?” ಎದುರಿನ ಸೀಟಿನ ಹೆಂಗಸು ಟವೆಲಿನ ಗಂಟನ್ನೂ ಅವಳ ಮುಖವನ್ನೂ ನೋಡಿ, “ಬಾಳ ಕಿತೀ ಮಹಿನ್ಯಾಚಂ?” ಎಂದು ಮಗುವಿಗೆ ಎಷ್ಟು ತಿಂಗಳೆಂದು ಕೇಳಿ, ಹತ್ತಿರದಿಂದ ನೋಡಿ ನಾಲಿಗೆ ಕಚ್ಚಿಕೊಂಡಳು. ಜಯಲತಾಳಿಗೆ ನಗು ಬಂತು.

ಮಹಾದೇವಪ್ಪನ ಅಂಗಡಿ ಎಂದರೆ ಮೆಟ್ಟಿಲಿನ ಕೆಳಗಿನ ಜಾಗ. ಮೇಲೆ ನೇತುಹಾಕಿದ ತುತ್ತೂರಿಗಳ ನಡುವೆ ಕೂತಿದ್ದ ಮುದುಕ ಕ್ಲಾರಿನೆಟ್ಟನ್ನು ಬಿಚ್ಚಿ, ಒಂದೊಂದು ತುಂಡಿನೊಳಗೂ ಟಾರ್ಚ್ ಬಿಟ್ಟು ನೋಡಿದ.

“ಜಯಶೀಲಣ್ಣಂದು. ಪಿನ್ ನೋಡಿದ ಕೂಡ್ಲೆ ಗುರ್ತು ಹಿಡದೆ, ನಮ್ಮಪ್ಪನ ಕೈಕೆಲಸ. ಪ್ಯಾಡ್ ಹಾಕಿ ಕೊಡ್ತೀನ್ರಿ. ಖರೆ ಅಕ್ಕಾರ, ಇದು ದಣದದ.”

“ಅಂದ್ರೆ?”

“ಮರ ಘಟ್ಟಿ ಅದ. ಪೆಟ್ಟಿಗ್ಯಾಗ ಇಟ್ರ ನಿಮ್ ಮೊಮ್ಮಕ್ಳ ಕಾಲಕ್ಕೂ ಇರ್ತದ. ಆದ್ರ ಸ್ವರ ಹೋಗ್ಯಾವ. ಪಿಟೀಲು ಹಳೇದಾದಷ್ಟು ಚಲೋ ಅಂತಾರ. ಇದು ಹಂಗಲ್ರಿ. ಇದರ ಹೊಟ್ಯಾಗ ದಿನಾ ಬಿಸಿ ಉಸುರು ಹೋಗ್ತದ, ನೀರು ಹೋಗ್ತದ. ಉಬ್ಬತದ, ಒಣಗತದ, ಉಬ್ಬತದ, ಒಣಗತದ. ದುಂಡಗಿದ್ದ ತೂತು ಈಗ ತತ್ತಿ ಹಂಗಾಗ್ಯದ ನೋಡ್ರಿ. ಈಗ ಯಾರು ಊದ್ತಾರ?”

“ನಾನು. ದಿನಾ ಕಾಲು ಗಂಟೆ. ಇಲ್ಲಾದ್ರೆ ಒಡೀತದಲ್ಲ.”

ಮಹಾದೇವಪ್ಪ ನಕ್ಕ. “ಯಾರ್ ಹೇಳ್ಯಾರ ನಿಮಗ? ಅದು ಹೊಸಾ ವಾದ್ಯಕ್ಕ ಹೇಳೋ ಮಾತ್ರಿ. ಹಸಿ ಕೂಸು ಇದ್ದಂಗ ಇರ್ತದ. ಕಾಲು ತಾಸು, ಆಮ್ಯಾಲೆ ಅರ್ಧ ತಾಸು, ಹಿಂಗ ಏರಿಸಿಕೋತ ಹೋಗೋದು. ಮೂರು ತಿಂಗಳಿಗೆ ಪಳಗಿತು, ಮುಗೀತು. ಆಮ್ಯಾಲೆ ವಾರ ಬಿಡ್ರಿ, ವರ್ಷ ಬಿಡ್ರಿ, ಏನಾಗ್ತದ?”

“ಮತ್ತೆ ಆ ಡಿಸೆಂಬರಿನಲ್ಲಿ, ಬೆಳಗಿನ ಜಾವ ನಿಪ್ಪಾಣಿಯಲ್ಲಿ ಒಡೆದದ್ದು? ಹಿಂದಿನ ದಿನ ಪೂರ್ತಿ ಊದದ್ದಕ್ಕೆ ಅಲ್ವಾ?”

“ಥಂಡ್ಯಾಗ ತಣ್ಣಗಾದ ಮರಕ್ಕ ಒಮ್ಮಿಗೇ ಬಿಸಿ ಉಸುರು ಊದಿದ್ರ ಒಡೀದೆ ಏನ್ ಮಾಡ್ತದ? ಅವತ್ತು ಊದದಿದ್ರ ಒಡೀತಿದ್ದಿಲ್ಲ.” ಅವನು ಅವಳ ಮುಖ ನೋಡಿದ. ನಗು ನಿಂತಿತು. “ಎಷ್ಟು ವರ್ಷ ಹಿಂಗ ಮಾಡ್ಯಾರ?”

“ಐವತ್ತೆರಡು.”

ಮಹಾದೇವಪ್ಪ ಟಾರ್ಚ್ ಆರಿಸಿದ. ತಲೆ ತಗ್ಗಿಸಿ ಪ್ಯಾಡ್ ಕತ್ತರಿಸತೊಡಗಿದ. ಕೂಲಿ ಎಷ್ಟೆಂದು ಅವಳು ಕೇಳಿದ್ದಕ್ಕೆ ಕೈ ಆಡಿಸಿ ಬೇಡವೆಂದ.

ಬರುವಾಗ ರೈಲಿನಲ್ಲಿ ಫೋನು ಮೂರು ಸಲ ಬಂತು. ಅವಳು ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಸಂತೋಷವಾಗಬೇಕಿತ್ತು. ಒಂದೇ ಒಂದು ವಾಕ್ಯ ಹೇಳಿದರೆ ಒಂದನೇ ತಾರೀಖು ಅವಳದು.

ಮಂಗಳವಾರ ಸಂಜೆ ತರಕಾರಿ ಗಾಡಿಯ ಹತ್ತಿರ ರಂಜನ್‌ಗೆ ಹೇಳಿದಳು. ಅವನು ಮೊದಲು ಗಟ್ಟಿಯಾಗಿ ನಕ್ಕ. ಗಾಡಿಯವನೂ ಸುಮ್ಮನೆ ಜೊತೆಗೆ ನಕ್ಕ. ಆಮೇಲೆ ರಂಜನ್ ಕೈಯಲ್ಲಿದ್ದ ಸೋರೆಕಾಯಿಯನ್ನು ನೋಡುತ್ತ ನಿಂತುಬಿಟ್ಟ.

“ಮೂವತ್ತೇಳು ವರ್ಷ,” ಎಂದ. “ಅಮ್ಮ ಪ್ರತಿ ಮೇ ತಿಂಗಳಲ್ಲಿ ಕೇಳ್ತಿದ್ಳು, ‘ಈ ಸಲ ಎಲ್ಲರೂ ಒಟ್ಟಿಗೆ ಹೋಗುವಾ?’ ಅಂತ. ಆಮೇಲೆ ಕೇಳುವುದನ್ನೇ ಬಿಟ್ಳು. ಅಜ್ಜಿ ಸತ್ತಾಗ ಇಬ್ಬರೇ ಬಸ್ಸಿನಲ್ಲಿ ಹೋದೆವು, ನನಗೆ ಹನ್ನೊಂದು ವರ್ಷ. ಅಲ್ಲಿ ಎಲ್ಲರೂ ಕೇಳಿದ್ರು, ಗಂಡ ಎಲ್ಲಿ ಅಂತ. ಅಮ್ಮ ಏನು ಹೇಳ್ಬೇಕು? ಪೀಪಿ ಊದ್ಲಿಕ್ಕೆ ಉಳಿದಿದ್ದಾರೆ ಅಂತಲಾ?” ಅವನು ಚೀಲ ಎತ್ತಿಕೊಂಡ. “ಇವತ್ತೇ ಹೇಳ್ತೇನೆ. ಮುಖದ ಎದುರೇ ಹೇಳ್ತೇನೆ.”

ಅವಳು ಹಿಂದಿನಿಂದ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಒಳಗೆ ಹೋಗಿದ್ದ. ಮಾವ ಹೊಸ ಪ್ಯಾಡುಗಳ ಮೇಲೆ ಬೆರಳಾಡಿಸುತ್ತ ಕೂತಿದ್ದರು. “ರಂಜು, ಇಲ್ಲಿ ನೋಡು. ಎಷ್ಟು ಚಂದ ಕೂತಿದೆ. ಇನ್ನು ಹತ್ತು ವರ್ಷಕ್ಕೆ ಚಿಂತೆ ಇಲ್ಲ.” ರಂಜನ್ ನೋಡಿದ. ಅಡುಗೆಮನೆಗೆ ಬಂದು ಎರಡು ಲೋಟ ನೀರು ಕುಡಿದ.

“ನೀನೇ ಹೇಳು,” ಎಂದ.

“ನಾನಾ?”

“ನೀನು ಹೇಳಿದ್ರೆ ಮೆತ್ತಗೆ ಹೇಳ್ತಿ.”

ಮೂರು ದಿನ ಅವಳು ಮೆತ್ತಗಿನ ಮಾತು ಹುಡುಕಿದಳು. ಪಲ್ಯಕ್ಕೆ ಕಾಯಿ ತುರಿಯುವಾಗ, ಬಟ್ಟೆ ಹಿಂಡುವಾಗ, ಆ ಐದು ಸ್ವರ ಊದುವಾಗ ಕೂಡ. ವಿಷಯ ತಿಳಿದ ನಿಕಿತಾ ಒಮ್ಮೆ, “ಮಮ್ಮಿ, ಬೋಲ್ ಡಾಲ್ ನಾ ಯಾರ್. ತೇರೀ ಭೀ ಲೈಫ್ ಹೈ,” ಎಂದಳು, ಹೇಳಿಬಿಡು, ನಿನಗೂ ಒಂದು ಬದುಕಿದೆಯಲ್ಲ ಎಂಬ ಹಾಗೆ. ಹಾಗೆಂದವಳು ಬ್ಯಾಗು ಹೆಗಲಿಗೇರಿಸಿ ಏಳೂವರೆಯ ಬಾಗಿಲು ದಾಟಿ ಹೋದಳು.

ಶುಕ್ರವಾರ, ಊದಿದ್ದಾದ ಮೇಲೆ, ಅವಳು ಮಾವನ ಎದುರು ನೆಲದ ಮೇಲೆ ಕೂತಳು.

“ಮಾವ, ಮಹಾದೇವಪ್ಪ ಒಂದು ಮಾತು ಹೇಳಿದ್ರು. ಮರಕ್ಕೆ ವಯಸ್ಸಾಗಿದೆಯಂತೆ. ಇನ್ನು ದಿನಾ ಊದ್ಬಾರ್ದಂತೆ. ವಿಶ್ರಾಂತಿ ಬೇಕಂತೆ ಅದಕ್ಕೆ.”

ಮಾವ ಗಡಿಯಾರದಿಂದ ಕಣ್ಣು ತೆಗೆದರು. “ಯಾವಾಗಿನಿಂದ ಬೇಕಿತ್ತಂತೆ?”

“ಈಗಿನಿಂದ.”

“ಈಗಿನಿಂದ ಅಂದ್ರೆ? ಮೊದ್ಲು ಬೇಡವಿತ್ತಾ?”

“ಮೊದ್ಲು ದಿನಾ ಊದ್ಲೇಬೇಕಿತ್ತಂತೆ. ಈ ವರ್ಷದಿಂದ ಮಾತ್ರ ಬೇಡ.”

ಬಿಗಿದಿದ್ದ ಮಾವನ ಹೆಗಲು ಸಡಿಲವಾಯಿತು. ಒರೆಸುವ ಬಟ್ಟೆಯನ್ನು ಮಡಚುತ್ತ ಹೇಳಿದರು: “ವಾರಿಜಾ ಹೇಳುವುದಿತ್ತು, ನಿಮಗೆ ನನಗಿಂತ ಅದೇ ಹೆಚ್ಚು ಅಂತ. ಹಾಗಲ್ಲ ಮಾರಾಯ್ತಿ, ನಾನು ಬಂದ್ರೆ ಅದು ಒಡೀತದೆ, ಹೊಟ್ಟೆಗೆ ಏನು ಮಾಡುವುದು ಅಂದೆ. ಆಮೇಲೆ ಒಂದು ದಿನ ಜಗಳ ಮಾಡ್ಲಿಲ್ಲ. ಅರ್ಥ ಮಾಡಿಕೊಂಡ್ಳು. ಅಷ್ಟು ಒಳ್ಳೆಯವಳು.”

“ಹೌದು ಮಾವ.”

“ಆದ್ರೆ ಒಮ್ಮೆಲೇ ನಿಲ್ಲಿಸ್ಲಿಕ್ಕೆ ಆಗ್ತದಾ? ನಿಕಿತಾಗೆ ನೀನು ಹಾಲು ಬಿಡಿಸಿದ್ದು ಒಂದೇ ದಿನದಲ್ಲಾ? ಐವತ್ತೆರಡು ವರ್ಷದ ಅಭ್ಯಾಸ. ಈಗ ದಿನ ಬಿಟ್ಟು ದಿನ ಊದುವಾ. ದಸರಾ ಕಳೆದ ಮೇಲೆ ವಾರಕ್ಕೆ ಎರಡು ಸಲ. ದೀಪಾವಳಿ ಕಳೀಲಿ, ಆಮೇಲೆ ನೋಡುವಾ.”

ಅವಳು ಬಾಯಿ ತೆರೆದಳು. ಮಹಾದೇವಪ್ಪ ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮಾವ ಮಡಚಿದ ಬಟ್ಟೆಯನ್ನು ಮೊಣಕಾಲಿನ ಮೇಲೆ ಸವರಿ ಸವರಿ ನೆಟ್ಟಗೆ ಮಾಡುತ್ತಿದ್ದರು.

“ಆಯ್ತು ಮಾವ,” ಎಂದಳು.

ಮಾನಸಿಗೆ ಫೋನ್ ಮಾಡಿ, ನಾಲ್ಕೈದು ತಿಂಗಳು ದಿನ ಬಿಟ್ಟು ದಿನ ಬಂದರೆ ಆಗುತ್ತದೆಯೇ ಎಂದು ಕೇಳಿದಳು.

“ಮಕ್ಕಳು ದಿನ ಬಿಟ್ಟು ದಿನ ಊಟ ಮಾಡ್ತಾರಾ ಲತಾ?” ಎಂದಳು ಮಾನಸಿ. ಸಿಟ್ಟಿರಲಿಲ್ಲ, ಬೇಸರವಿತ್ತು. “ಘಣಸೋಲಿಯ ಒಬ್ಬಳು ಕೇಳ್ತಾ ಇದ್ದಾಳೆ. ನಾಲ್ಕನೇ ತಾರೀಖಿನವರೆಗೆ ಹುಡುಗಿಯರಲ್ಲೇ ಹೇಗೋ ಸುಧಾರಿಸ್ತೇನೆ. ಅಷ್ಟರೊಳಗೆ ಒಂದು ಹೇಳು.”

ಮಾವ ಒಂದೊಂದು ನೆಪ ಹೇಳಿ ಮುಂದೂಡುತ್ತ ಹೋಗಿ, ಊದದ ಮೊದಲ ದಿನ ಬಂದದ್ದು ಜುಲೈ ಮೂರಕ್ಕೆ. ಹಿಂದಿನ ದಿನವೇ ಜಯಲತಾ ಲೆಕ್ಕ ಹಾಕಿದ್ದಳು. ಈ ಒಂದು ದಿನ ಏನೂ ಆಗದೆ ಹೋದರೆ ಮಾವನೇ ಸಾಕು ಅನ್ನಬಹುದು. ನಾಳೆ ಬೆಳಿಗ್ಗೆ ಮಾನಸಿಗೆ ಬರುತ್ತೇನೆ ಅನ್ನಬಹುದು. ಬೆಳಿಗ್ಗೆ ಬೇಗ ಕೆಲಸ ಮುಗಿಸಿ, ಸೀರೆ ಬದಲಿಸಿ, ಒಂಬತ್ತೂವರೆಗೆ ಪೇಟೆಗಾದರೂ ಹೋಗಿ ಬರೋಣವೆಂದು ಚಪ್ಪಲಿಗೆ ಕೈ ಹಾಕಿದಳು.

“ಎಲ್ಲಿಗೆ?” ಮಾವ ಕ್ಲಾರಿನೆಟ್ ಪೆಟ್ಟಿಗೆಯನ್ನು ಮಂಚದ ಮೇಲಿಟ್ಟುಕೊಂಡು ಕೂತಿದ್ದರು. ಫ್ಯಾನ್ ಆರಿಸಿದ್ದರು. “ಇವತ್ತು ಹೋಗ್ಬೇಡ. ನನ್ನ ಕಿವಿ ಅಷ್ಟು ಸೂಕ್ಷ್ಮ ಇಲ್ಲ ಈಗ. ಟಪ್ ಅಂದ್ರೆ ನಿನಗೆ ಕೇಳ್ತದೆ.”

ಅವಳು ಎದುರು ಕುರ್ಚಿಯಲ್ಲಿ ಕೂತಳು. ಹೊರಗೆ ಮಳೆ, ಒಳಗೆ ಬೆವರು. ಬೀನ್ಸ್ ತಂದು ನಾರು ತೆಗೆಯತೊಡಗಿದರೆ ಸದ್ದಾಗುತ್ತದೆಂದು ಮಾವ ಬೇಡವೆಂದರು. ಹತ್ತು ಗಂಟೆಗೆ, “ಕೇಳಿತಾ?” ಎಂದರು. ಹನ್ನೊಂದಕ್ಕೆ ಮತ್ತೆ. ಅವಳು ಇಲ್ಲವೆಂದಳು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು.

ಹನ್ನೆರಡು ಹೊಡೆಯಿತು. ಮಾವ ಪೆಟ್ಟಿಗೆ ತೆರೆದರು. ಮೇಲಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಉದ್ದಕ್ಕೂ ತಡವಿದರು. ತಿರುಗಿಸಿ ಮತ್ತೊಮ್ಮೆ ತಡವಿದರು.

“ಏನೂ ಆಗ್ಲಿಲ್ಲ.”

“ಇಲ್ಲ ಮಾವ.” ಅವಳ ಎದೆ ಹಗುರಾಯಿತು.

“ಇಡೀ ಒಂದು ದಿನ ಊದ್ಲಿಲ್ಲ. ಏನೂ ಆಗ್ಲೇ ಇಲ್ಲ, ಅಲ್ವಾ?” ದನಿ ವಿಚಿತ್ರವಾಗಿತ್ತು. ಮರದ ತುಂಡು ಕೈಯಲ್ಲೇ ಇತ್ತು, ಕಣ್ಣು ಗೋಡೆಯ ಮೇಲಿನ ವಾರಿಜಾಳ ಫೋಟೋಕ್ಕೆ ಹೋಯಿತು. ಅಲ್ಲೇ ನಿಂತಿತು. “ಇಷ್ಟು ಹಳೆಯದಕ್ಕೇ ಏನೂ ಆಗ್ಲಿಲ್ಲ. ಹಾಗಾದ್ರೆ ಆವಾಗ, ಅದು ಗಟ್ಟಿ ಇದ್ದಾಗ...”

ಹಲ್ಲಿನ ಸೆಟ್ ತೆಗೆದಿಟ್ಟಿದ್ದ ಬಾಯಿ ಇನ್ನಷ್ಟು ಒಳಗೆ ಹೋಯಿತು. ಜಯಲತಾ ಎದ್ದು ಹೋಗಿ ಆ ತುಂಡನ್ನು ಅವರ ಕೈಯಿಂದ ಬಿಡಿಸಿಕೊಂಡಳು.

“ಕೇಳಿತ್ತು ಮಾವ,” ಎಂದಳು.

“ಏನು?”

“ಬೆಳಿಗ್ಗೆ ಕಸ ಗುಡಿಸುವಾಗ. ಪೆಟ್ಟಿಗೆಯೊಳಗೆ ಸಣ್ಣಕ್ಕೆ ಟಿಕ್ ಅಂತು. ನೀವು ಹೆದರ್ತೀರಿ ಅಂತ ಹೇಳ್ಲಿಲ್ಲ.”

ಮಾವ ಅವಳನ್ನೇ ನೋಡಿದರು. ಮೆಲ್ಲಗೆ ಮುಖಕ್ಕೆ ರಕ್ತ ಬಂತು. “ನೋಡಿದ್ಯಾ? ನಾನು ಹೇಳ್ಲಿಲ್ವಾ? ಹೇಳ್ಲಿಲ್ವಾ ನಾನು? ಮಹಾದೇವಪ್ಪನಿಗೆ ಎಂತ ಗೊತ್ತು? ದಿನ ಬಿಟ್ಟು ದಿನ ಎಲ್ಲ ಬೇಡ. ನಾಳೆಯಿಂದ ದಿನಾ ಊದು.”

“ಊದ್ತೇನೆ ಮಾವ.”

“ಫ್ಯಾನ್ ಹಾಕು, ಎಷ್ಟು ಸೆಕೆ!” ಎಂದರು ಅವರು, ಪೆಟ್ಟಿಗೆ ಮುಚ್ಚುತ್ತ. “ಹಸಿವಾಗ್ತಾ ಉಂಟು. ಅನ್ನ ಆಯ್ತಾ?”

“ಇಲ್ಲ. ಅರ್ಧ ಗಂಟೆಯಲ್ಲಿ ಆಗ್ತದೆ,” ಎಂದು ಜಯಲತಾ ಒಳಗೆ ಹೋಗಿ, ಪೇಟೆಗೆಂದು ಉಟ್ಟಿದ್ದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದಳು.